ಗಣಿಯ ಮೇಲೊಂದು ಬೆಳಕಿನ ಅಂಗಳ

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಕಾಸರಗೋಡಿನಿಂದ ಮಲಪ್ಪುರದವರೆಗೆ ಬೀದಿಬೀದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಧ್ವಜಗಳು ಹಾರಾಡುತ್ತವೆ. ಯುರೋಪಿನ ತಂಡಗಳ ಹೆಸರು, ಆಟಗಾರರ ಅಂಗಿಯ ಸಂಖ್ಯೆ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಆ ತಂಡಗಳ ಊರು ಎಂತಹದು, ಅಲ್ಲಿನ ಜನ ಯಾವ ಕೆಲಸದಿಂದ ಬದುಕಿದರು ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಈ ಕೊರತೆಯನ್ನು ಒಂದಿಷ್ಟು ತುಂಬಬಲ್ಲ ಸಾಕ್ಷ್ಯಚಿತ್ರ ಸರಣಿಯೊಂದು 2018ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಹೊರಬಂದಿತು. ಹೆಸರು ‘ಸಂಡರ್‌ಲ್ಯಾಂಡ್ ಟಿಲ್ ಐ ಡೈ’. ಸಾಯುವವರೆಗೂ ನಾನು ಸಂಡರ್‌ಲ್ಯಾಂಡಿನವನೇ ಎಂಬುದು ಅದರ ಭಾವ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ವಿಯರ್ ನದಿ ಉತ್ತರ ಸಮುದ್ರವನ್ನು ಸೇರುವ ಅಳಿವೆಯಲ್ಲಿದೆ ಸಂಡರ್‌ಲ್ಯಾಂಡ್. ನದಿಯ ಉತ್ತರ ದಡದ ಮಂಕ್‌ವಿಯರ್‌ಮೌತ್ ಎಂಬ ಭಾಗದಲ್ಲಿ ಕ್ರಿ.ಶ. 674ರಷ್ಟು ಹಿಂದೆಯೇ ಕ್ರೈಸ್ತ ಸನ್ಯಾಸಿಗಳ ಮಠವೊಂದು ಸ್ಥಾಪನೆಯಾಗಿತ್ತು. ಮುಂದಿನ ಶತಮಾನಗಳಲ್ಲಿ ಊರಿಗೆ ಅನ್ನ ಕೊಟ್ಟವು ಎರಡು: ಹಡಗು ಮತ್ತು ಕಲ್ಲಿದ್ದಲು. ಲೋಕದಲ್ಲೇ ಅತಿ ಹೆಚ್ಚು ಹಡಗು ಕಟ್ಟುವ ಪಟ್ಟಣವೆಂಬ ಖ್ಯಾತಿ ಒಂದು ಕಾಲದಲ್ಲಿ ಇದಕ್ಕಿತ್ತು. ಊರಿನವರನ್ನು ಇಂದಿಗೂ ‘ಮ್ಯಾಕೆಮ್’ ಎಂದು ಕರೆಯುತ್ತಾರೆ. ‘ಮೇಕ್’ ಎಂಬ ಪದವನ್ನು ‘ಮ್ಯಾಕ್’ ಎಂದು ಉಚ್ಚರಿಸುವ ಹಡಗು ಕಾರ್ಮಿಕರ ನುಡಿಯಿಂದ ಆ ಹೆಸರು ಬಂದಿತೆಂಬುದು ಸಾಮಾನ್ಯವಾಗಿ ಹೇಳುವ ವಿವರಣೆ. ನೆರೆಯವರು ಹಾಸ್ಯಕ್ಕೆ ಬಳಸಿದ ಹೆಸರನ್ನೇ ಊರಿನವರು ಹೆಮ್ಮೆಯಿಂದ ತಮ್ಮದಾಗಿಸಿಕೊಂಡಿದ್ದಾರೆ.

1988ರಲ್ಲಿ ಅಲ್ಲಿನ ಹಡಗು ನಿರ್ಮಾಣ ನಿಂತುಹೋಯಿತು. ಸಮುದ್ರದ ತಳದವರೆಗೂ ಸುರಂಗಗಳನ್ನು ಚಾಚಿದ್ದ ಮಂಕ್‌ವಿಯರ್‌ಮೌತ್ ಕಲ್ಲಿದ್ದಲು ಗಣಿ 1993ರಲ್ಲಿ ಮುಚ್ಚಿತು. ಊರ ಹೊರಗೆ ನಿಸಾನ್ ಕಾರು ಕಾರ್ಖಾನೆ ಅಷ್ಟರಲ್ಲೇ ಆರಂಭವಾಗಿದ್ದರೂ ತಲೆಮಾರುಗಳ ಕಸುಬುಗಳು ಮರಳಲಿಲ್ಲ. ಗಣಿ ಇದ್ದ ನೆಲದ ಮೇಲೆ 1997ರಲ್ಲಿ ಹೊಸ ಫುಟ್‌ಬಾಲ್ ಕ್ರೀಡಾಂಗಣ ಎದ್ದಿತು. ಅದರ ಹೆಸರು ‘ಸ್ಟೇಡಿಯಂ ಆಫ್ ಲೈಟ್’, ಎಂದರೆ ಬೆಳಕಿನ ಕ್ರೀಡಾಂಗಣ. ಹೊರಗೆ ಗಣಿ ಕಾರ್ಮಿಕರು ಹಿಡಿಯುತ್ತಿದ್ದ ಡೇವಿ ದೀಪದ ದೊಡ್ಡ ಪ್ರತಿಕೃತಿಯಿದೆ. ಜ್ವಾಲೆಯ ಸುತ್ತ ತಂತಿಯ ಜಾಲರಿ ಕಟ್ಟಿ, ಗಣಿಯ ಅನಿಲಕ್ಕೆ ಬೆಂಕಿ ತಗಲದಂತೆ ಕಾಯುವ ದೀಪವದು. ಅಜ್ಜಂದಿರು ದುಡಿಯಲು ಇಳಿಯುತ್ತಿದ್ದ ನೆಲಕ್ಕೆ ಮೊಮ್ಮಕ್ಕಳು ಈಗ ಆಟ ನೋಡಲು ಬರುತ್ತಾರೆ.

ನಮ್ಮ ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕಿಳಿದ ತಂಡವೂ ಮರುವರ್ಷ ಅದೇ ಕೂಟದಲ್ಲಿ ಆಡುತ್ತದೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಿಲ್ಲ. ಪಟ್ಟಿಯ ತಳದ ತಂಡಗಳು ಕೆಳಗಿನ ಶ್ರೇಣಿಗೆ ಜಾರುತ್ತವೆ, ಆದಾಯವೂ ಜಾರುತ್ತದೆ. ಆರು ಬಾರಿ ದೇಶದ ಚಾಂಪಿಯನ್ ಆಗಿದ್ದ ಸಂಡರ್‌ಲ್ಯಾಂಡ್ 2017ರಲ್ಲಿ ಅಗ್ರ ಶ್ರೇಣಿಯಿಂದ ಹೊರಬಿತ್ತು. ಚಿತ್ರ ತೆಗೆದ ಫುಲ್‌ವೆಲ್ 73 ಸಂಸ್ಥೆಯನ್ನು ಕಟ್ಟಿದವರಲ್ಲೇ ಈ ತಂಡದ ಅಭಿಮಾನಿಗಳಿದ್ದರು. ಹಳೆಯ ಮೈದಾನದ ಒಂದು ಪಾರ್ಶ್ವದ ಹೆಸರು, ತಂಡ ಎಫ್‌ಎ ಕಪ್ ಗೆದ್ದ 1973ರ ನೆನಪು, ಇವೆರಡೂ ಸೇರಿ ಸಂಸ್ಥೆಯ ಹೆಸರಾಗಿದೆ. ತಂಡ ಮರಳಿ ಮೇಲೇರುವ ಕಥೆಯನ್ನು ಸೆರೆಹಿಡಿಯುವ ಆಸೆಯಿಂದ ಅವರು ಕ್ಯಾಮೆರಾ ಹಿಡಿದರು. ನಡೆದದ್ದು ವಿಪರೀತ. 2018ರಲ್ಲಿ ತಂಡ ಮತ್ತೆ ಪಟ್ಟಿಯ ತಳ ಸೇರಿ ಮೂರನೆಯ ಶ್ರೇಣಿಗೆ ಬಿದ್ದಿತು.

ಈ ಸೋಲೇ ಚಿತ್ರಕ್ಕೆ ಸತ್ವ ತಂದಿತು. ಗೆಲುವಿನ ಕಥೆಯಾಗಿದ್ದರೆ ಕ್ಯಾಮೆರಾ ಆಟಗಾರರ ಬೆನ್ನಿಗೇ ನಿಲ್ಲುತ್ತಿತ್ತು. ಸೋಲಿನಲ್ಲಿ ಅದು ಊರಿನ ಕಡೆ ತಿರುಗಿತು. ಮೊದಲ ಕಂತಿನಲ್ಲಿ ನಾವು ಕಾಣುವುದು ಚರ್ಚಿನಲ್ಲಿ ತಂಡಕ್ಕಾಗಿ ಪ್ರಾರ್ಥಿಸುವ ಪಾದ್ರಿಯನ್ನು. ಮುಂದೆ ತರಬೇತಿ ಕೇಂದ್ರದಲ್ಲಿ ಆಟಗಾರರಿಗೆ ಅಡುಗೆ ಮಾಡಿ ಬಡಿಸುವಾಕೆ, ಮನೆಯಲ್ಲಿ ಕುಳಿತು ಕಣ್ಣೀರು ತುಂಬಿಕೊಳ್ಳುವ ಅಭಿಮಾನಿಗಳು ಎದುರಾಗುತ್ತಾರೆ. ವಾರಕ್ಕೆ ಸುಮಾರು 70,000 ಪೌಂಡ್ ಸಂಬಳವೆಂದು ವರದಿಯಾಗಿದ್ದ ಆಟಗಾರನ ಪ್ರಸಂಗವೂ ಇದೆ. ಆಟಗಾರನಿಗೆ ಇನ್ನೊಂದು ತಂಡ ಸಿಕ್ಕೀತು. ಅಡುಗೆಯಾಕೆಗೆ ಇನ್ನೊಂದು ಊರು ಎಲ್ಲಿಂದ ಬರಬೇಕು? ಚಿತ್ರ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ನೋಡುವವರ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ.

ಮೂರನೆಯ ಶ್ರೇಣಿಗೆ ಬಿದ್ದ ತಂಡವನ್ನು ಜನ ಕೈಬಿಟ್ಟರೇ? ಕ್ರಿಸ್‌ಮಸ್ಸಿನ ಮರುದಿನ, 2018ರ ಡಿಸೆಂಬರ್ 26ರಂದು, ಸ್ವಂತ ಮೈದಾನದ ಆಟಕ್ಕೆ ಬಂದವರು 46,039 ಮಂದಿ. ಆ ಶ್ರೇಣಿಯ ಆಟಕ್ಕೆ ಅಷ್ಟು ಜನ ಸೇರುವುದು ಬಹಳ ಅಪರೂಪ. ಅದೇ ಋತುವಿನಲ್ಲಿ ತಂಡ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಎರಡು ಅಂತಿಮ ಪಂದ್ಯಗಳನ್ನು ಸೋತಿತು. ಎರಡನೆಯದನ್ನು ಕೊಟ್ಟಕೊನೆಯ ಗಳಿಗೆಯಲ್ಲಿ ಕಳೆದುಕೊಂಡಿತು. ದೂರದಲ್ಲಿರುವ ನಾವು ಸೋತ ತಂಡವನ್ನು ಬಿಟ್ಟು ಗೆದ್ದ ತಂಡವನ್ನು ಹಿಡಿಯಬಹುದು. ಹೊಸ ಅಂಗಿ ಕೊಂಡರಾಯಿತು. ಆ ಊರಿನವರಿಗೆ ಅಂತಹ ಆಯ್ಕೆಯಿಲ್ಲ. ಹಡಗು ಹೋದ ಮೇಲೆ, ಗಣಿ ಮುಚ್ಚಿದ ಮೇಲೆ, ಊರಿನ ಹೆಸರನ್ನು ದೇಶಕ್ಕೆಲ್ಲ ಕೇಳುವಂತೆ ಹೇಳಲು ಉಳಿದದ್ದು ಈ ತಂಡ. ಅದಕ್ಕೆ ಬೆನ್ನು ತಿರುಗಿಸಿದರೆ ತಮಗೆ ತಾವೇ ಬೆನ್ನು ತಿರುಗಿಸಿದಂತೆ.

ಮುಂದೆ ದಿನಗಳು ತಿರುಗಿದವು. 2022ರಲ್ಲಿ ವೆಂಬ್ಲಿಯಲ್ಲೇ ಗೆದ್ದು ತಂಡ ಎರಡನೆಯ ಶ್ರೇಣಿಗೆ ಏರಿತು. 2024ರಲ್ಲಿ ಬಂದ ಮೂರನೆಯ ಭಾಗದಲ್ಲಿ ಆ ಗೆಲುವಿದೆ. 2025ರ ಮೇ ತಿಂಗಳಲ್ಲಿ ಅಗ್ರ ಶ್ರೇಣಿಗೆ ಮರಳುವ ಹಕ್ಕನ್ನೂ ಪಡೆಯಿತು. ಆಗ ಊರು ಸಂಭ್ರಮಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಊರನ್ನು ಅರಿಯಲು ನಾವು ನೋಡಬೇಕಾದದ್ದು ಮೊದಲೆರಡು ಭಾಗಗಳನ್ನೇ. ಪೋಷಕರಿಗೆ ಒಂದು ಸೂಚನೆ: ಚಿತ್ರದಲ್ಲಿ ಬೈಗುಳಗಳು ಧಾರಾಳವಾಗಿವೆ. ಆದುದರಿಂದ ದೊಡ್ಡ ತರಗತಿಗಳ ಮಕ್ಕಳೊಂದಿಗೆ ಹಿರಿಯರೂ ಕುಳಿತು ನೋಡುವುದು ಲೇಸು.

ಶಾಲೆಯ ನಂಟುಳ್ಳವರಿಗೆ ಹೇಳಲೇಬೇಕಾದ ಮಾತು ಇನ್ನೊಂದಿದೆ. ಈ ತಂಡವನ್ನು 1879ರಲ್ಲಿ ಹುಟ್ಟುಹಾಕಿದವರು ಜೇಮ್ಸ್ ಅಲನ್ ಎಂಬ ಶಾಲಾ ಮಾಸ್ತರರು. ಆಗ ಅದು ಉಪಾಧ್ಯಾಯರಿಗಷ್ಟೇ ಮೀಸಲಾದ ಕೂಟ. ಮರುವರ್ಷವೇ ಹಣದ ಅಡಚಣೆ ಬಂದಿತು. ಉಪಾಧ್ಯಾಯರಲ್ಲದವರಿಗೂ ಬಾಗಿಲು ತೆರೆಯಬೇಕಾಯಿತು. ಹಾಗೆ ತೆರೆದ ಬಾಗಿಲಿನಿಂದ ಒಳಬಂದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಆ ಅಂಗಳವನ್ನು ತುಂಬುತ್ತಿದ್ದಾರೆ.