ಹೆಸರಿಟ್ಟು ಕರೆಯುವ ಬಟ್ಟೆ

ಕಿತ್ತಳೆ, ಕಡುನೀಲಿ, ಅರಿಸಿನ ಬಣ್ಣಗಳ ಮೇಲೆ ದೊಡ್ಡ ದೊಡ್ಡ ಹೂಗಳು, ಹಾರುವ ಹಕ್ಕಿಗಳು. ಲಂಡನ್, ಪ್ಯಾರಿಸ್‌ಗಳಲ್ಲಿ ಇಂಥ ಬಟ್ಟೆಯ ಪರದೆಯನ್ನೋ ದಿಂಬಿನ ಗವಸನ್ನೋ ಕೊಂಡವರು ಮನೆಗೆ ಆಫ್ರಿಕದ ಬಿಸಿಲೇ ಬಂತೆಂದು ಹಿಗ್ಗುತ್ತಾರೆ. ಆದರೆ ಈ 'ಆಫ್ರಿಕನ್ ಪ್ರಿಂಟ್'ನ ಜಾತಕ ಬಿಡಿಸಿದರೆ ಅದರ ಹುಟ್ಟೂರು ಆಫ್ರಿಕವಲ್ಲ.

ಜಾವಾ ದ್ವೀಪದವರು ಮೇಣ ಹಚ್ಚಿ, ಬಣ್ಣದಲ್ಲಿ ಅದ್ದಿ ಮಾಡುತ್ತಿದ್ದ ಬಾಟಿಕ್ ಬಟ್ಟೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನವರು ಯಂತ್ರದಿಂದ ತಯಾರಿಸಲು ಹೊರಟರು. ಮೇಣದ ಜಾಗಕ್ಕೆ ರಾಳ ಬಂತು. ರಾಳ ಬಿರುಕುಬಿಟ್ಟಲ್ಲೆಲ್ಲ ಬಣ್ಣ ಇಳಿದು ಕೂದಲೆಳೆಯಂಥ ಗೆರೆಗಳು ಮೂಡಿದವು. ಜಾವಾದವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ ಎನ್ನುತ್ತಾರೆ. ಗೋಲ್ಡ್ ಕೋಸ್ಟ್, ಎಂದರೆ ಈಗಿನ ಘಾನಾದಲ್ಲಿ ಆ ಗೆರೆಗಳೇ ಚೆಂದವೆನಿಸಿದವು. 1846ರಲ್ಲಿ ಹೆಲ್ಮಂಡ್‌ನಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿತು.

ಹಾಗಾದರೆ ಇದರಲ್ಲಿ ಆಫ್ರಿಕದ್ದೇನು? ಹೆಸರು! ಬಟ್ಟೆಯನ್ನು ತರಿಸಿದ ಪೇಟೆಯ ಹೆಂಗಸರು ಒಂದೊಂದು ಚಿತ್ತಾರಕ್ಕೂ ಒಂದೊಂದು ಹೆಸರಿಟ್ಟು ಮಾರಿದರು. ಟೋಗೋದ ಲೋಮೆಯಲ್ಲಿ ಅವರಲ್ಲಿ ಕೆಲವರು ಮರ್ಸಿಡಿಸ್ ಕಾರುಗಳಲ್ಲಿ ಓಡಾಡುವಷ್ಟು ಗಳಿಸಿ 'ನಾನಾ ಬೆಂಜ್' ಎನಿಸಿಕೊಂಡರು. ಪಂಜರ ಬಿಟ್ಟು ಹಾರುವ ಹಕ್ಕಿಗಳಿರುವ ಚಿತ್ತಾರ 'ನೀ ಹೊರಟರೆ ನಾನೂ ಹೊರಟೆ' ಎಂದಾಯಿತು. ಗಂಡನೆದುರು ಬಾಯಿಬಿಟ್ಟು ಆಡಲಾಗದ ಮಾತನ್ನು ಉಟ್ಟ ಬಟ್ಟೆಯೇ ಆಡಿತು. ಇನ್ನೊಂದರ ಹೆಸರು 'ಸವತಿಯ ಕಣ್ಣು'. ಸಾಲುಹಕ್ಕಿಗಳ ಮತ್ತೊಂದಕ್ಕೆ ಘಾನಾದಲ್ಲಿ 'ದುಡ್ಡಿಗೆ ರೆಕ್ಕೆಯಿದೆ' ಎನ್ನುತ್ತಾರೆ. ಬೈಠಕ್ಕಿನ ಸೋಫಾಕ್ಕೆ ಅದನ್ನು ಹೊದಿಸಿದವರಿಗೆ ತಾವು ಯಾವ ಮಾತಿನ ಮೇಲೆ ಕುಳಿತಿದ್ದೇವೆಂಬುದು ಗೊತ್ತಿರಲಾರದು. ಪಶ್ಚಿಮ ಆಫ್ರಿಕದ ಎಷ್ಟೋ ಮನೆಗಳಲ್ಲಿ ತಾಯಿ ಪೆಟ್ಟಿಗೆಯಲ್ಲಿ ಕೂಡಿಟ್ಟ ಆರಾರು ಗಜದ ತುಂಡುಗಳು ಮಗಳಿಗೆ ಒಡವೆಯಂತೆಯೇ ಸಲ್ಲುತ್ತವೆ. ಅವಕ್ಕೆ ಕತ್ತರಿ ಹಾಕುವುದು ಸಣ್ಣ ಮಾತಲ್ಲ.

ಈ ಬಟ್ಟೆಯಿಂದ ಇಡೀ ಕೋಣೆಯನ್ನೇ ಸಿಂಗರಿಸಿ ತೋರಿಸಿದವರು ಕಲಾವಿದ ಯಿಂಕಾ ಶೋನಿಬಾರೆ. ಹುಟ್ಟಿದ್ದು ಲಂಡನ್, ಬೆಳೆದದ್ದು ನೈಜೀರಿಯದ ಲಾಗೋಸ್. 1996-97ರಲ್ಲಿ ಅವರು ವಿಕ್ಟೋರಿಯಾ ರಾಣಿಯ ಕಾಲದ ದಾನಿಯೊಬ್ಬನ ಬೈಠಕ್‌ಖಾನೆಯನ್ನು ಕಟ್ಟಿ, ಕುರ್ಚಿಗಳಿಗೂ ಗೋಡೆಗಳಿಗೂ ಇದೇ ಬಗೆಯ ಚಿತ್ತಾರ ಹೊದಿಸಿದರು. ಹತ್ತಿರ ಹೋಗಿ ನೋಡಿದರೆ ಹೂಬಳ್ಳಿಗಳ ನಡುವೆ ಕಪ್ಪು ಜನಾಂಗದ ಫುಟ್‌ಬಾಲ್ ಆಟಗಾರರು! ದಾನಧರ್ಮ ಮಾಡುವ ದೊಡ್ಡಮನುಷ್ಯನ ಸಿರಿ ಯಾರ ಬೆವರಿನದು ಎಂದು ಗೋಡೆಯೇ ಕೇಳುವಂತಿತ್ತು. ಗೃಹಾಲಂಕಾರದ ನೂರು ಪುಸ್ತಕಗಳು ಹೇಳದ್ದನ್ನು ಆ ಒಂದು ಕೋಣೆ ಹೇಳಿತು.

ಹಾಗೆಂದು ಈ ಬಟ್ಟೆಯನ್ನು ಮನೆಗೆ ತರಲೇಬಾರದೆಂದಲ್ಲ. ರಾಳ ಹಚ್ಚಿ ಮಾಡಿದ ಅಸಲಿ ಬಟ್ಟೆಗೆ ಎರಡೂ ಮಗ್ಗುಲಲ್ಲಿ ಬಣ್ಣ ಒಂದೇ ಸಮ; ಎರಡು ಕೋಣೆಗಳ ನಡುವಿನ ಪರದೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಅಗ್ಗದ ನಕಲಿನಲ್ಲಿ ಹಿಂಬದಿ ಮಾಸಲಾಗಿರುತ್ತದೆ. ಬಟ್ಟೆಯ ಅಗಲ ಸುಮಾರು ನಾಲ್ಕು ಅಡಿಯಾದ್ದರಿಂದ ಜೋಡಿ ಮಂಚದ ಹೊದಿಕೆಗೆ ಎರಡು ಪಟ್ಟಿ ಕೂಡಿಸಬೇಕು. ಪುಟ್ಟ ದಿಂಬುಗಳಿಗೆ ಮಾತ್ರ ಇದು ಬೇಡ. ಹಕ್ಕಿಯ ರೆಕ್ಕೆ ಒಂದರಲ್ಲಿ, ಬಾಲ ಇನ್ನೊಂದರಲ್ಲಿ ಉಳಿಯುತ್ತದೆ. ದೊಡ್ಡ ಚಿತ್ತಾರಕ್ಕೆ ಒಂದು ಬರಿಯ ಗೋಡೆಯನ್ನೇ ಬಿಟ್ಟುಕೊಟ್ಟರೆ ಸಾಕು.

ಕೊಳ್ಳುವಾಗ ಬೆಲೆಯ ಜೊತೆಗೆ ಹೆಸರನ್ನೂ ಕೇಳಿ ತಿಳಿಯುವುದು ಒಳ್ಳೆಯದು. ಇಲ್ಲವಾದರೆ ಹೊಸ ದಂಪತಿಗಳ ಮಂಚದ ಮೇಲೆ 'ನೀ ಹೊರಟರೆ ನಾನೂ ಹೊರಟೆ' ಹರಡಿಕೊಂಡೀತು.