ಕರುವಿನ ಪಾಲು

ನಮ್ಮ ಮನೆಯಲ್ಲಿ ಮನುಷ್ಯರಿಗೂ ದನಗಳಿಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಒಂದು ಮಣ್ಣಿನ ಗೋಡೆ ಮಾತ್ರ. ಚನ್ನರಾಯಪಟ್ಟಣದ ಸೀಮೆಯ ಹಳೆಯ ಮನೆಗಳೆಲ್ಲ ಹೆಚ್ಚುಕಡಮೆ ಹಾಗೆಯೇ. ಬಾಗಿಲು ದಾಟಿದೊಡನೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ನಾವು ಮಲಗುವ ಪಡಸಾಲೆ. ರಾತ್ರಿ ಎತ್ತುಗಳು ಮೆಲುಕುಹಾಕುವ ಸದ್ದು ಕೇಳದಿದ್ದರೆ ನಮಗೆ ನಿದ್ರೆ ಹತ್ತುತ್ತಿರಲಿಲ್ಲ. ಮೂರು ಎಕರೆ ರಾಗಿಯ ಹೊಲ, ಒಂದು ಜೊತೆ ಎತ್ತು, ಗೌರಿ ಎಂಬ ಹಸು, ನಾಲ್ಕು ಕುರಿ, ಲೆಕ್ಕಕ್ಕೆ ಸಿಕ್ಕದಷ್ಟು ಕೋಳಿ, ಇವುಗಳ ಜೊತೆಗೆ ಮಕ್ಕಳಾದ ನಾವು. ಅಪ್ಪ ಅವ್ವ ನಮ್ಮನ್ನು ಒಂದು ರೀತಿ, ಅವುಗಳನ್ನು ಒಂದು ರೀತಿ ಸಾಕಿದರೆಂದು ನನಗೆ ಈಗಲೂ ತೋರುವುದಿಲ್ಲ. ಕಲಗಚ್ಚಿನ ಬಾನಿ ಅತ್ತ, ಅಂಬಲಿಯ ಗಡಿಗೆ ಇತ್ತ. ಹೊತ್ತು ಮೀರಿದರೆ ಎರಡೂ ಕಡೆಯಿಂದ ಕೂಗು ಏಳುತ್ತಿತ್ತು.

ನಡೆದಾಡಬಲ್ಲ ಪ್ರತಿಯೊಂದು ಮಗುವಿನ ಪಾಲಿಗೂ ಅವ್ವ ಒಂದು ಪ್ರಾಣಿಯನ್ನು ಒಪ್ಪಿಸುತ್ತಿದ್ದಳು. ನನ್ನ ತಂಗಿಗೆ ಐದು ವರ್ಷವಾದಾಗ ಕಾವಿಗೆ ಕೂತ ಒಂದು ಹೇಂಟೆ ಅವಳದಾಯಿತು. ಇಪ್ಪತ್ತೊಂದು ದಿನ ಅವಳು ಆ ಬುಟ್ಟಿಯ ಬಳಿ ಯಾರನ್ನೂ ಸುಳಿಯಗೊಡಲಿಲ್ಲ. ಹನ್ನೊಂದು ಮರಿಗಳಾದವು. ಎಣಿಸುವುದನ್ನು ಅವಳು ಕಲಿತದ್ದೇ ಆ ಮರಿಗಳಿಂದ. ಒಂದು ಮಧ್ಯಾಹ್ನ ಅಂಗಳಕ್ಕೆ ಹದ್ದು ಎರಗಿತು. ಸಂಜೆ ಎಷ್ಟು ಸಲ ಎಣಿಸಿದರೂ ಹತ್ತೇ ಬಂದುದರಿಂದ ಅವಳು ಊಟಮಾಡದೆ ಮಲಗಿದಳು. ಕಳೆಯುವ ಲೆಕ್ಕವನ್ನು ಅವಳಿಗೆ ಶಾಲೆಯ ಮೇಷ್ಟರು ಕಲಿಸಬೇಕಾಗಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದೆ. ಅದು 1979ನೆಯ ಇಸವಿ. ಅವ್ವ ಹೆರಿಗೆಗೆಂದು ತಂಗಿಯನ್ನೂ ಕರೆದುಕೊಂಡು ತವರಿಗೆ ಹೋಗಿದ್ದಳು. ತಮ್ಮ ಹುಟ್ಟಿದನೆಂಬ ಸುದ್ದಿ ಬಂದ ವಾರದಲ್ಲಿಯೇ ಗೌರಿ ಹೋರಿಗರು ಹಾಕಿತು. ಗಿಣ್ಣಿನ ಆಸೆಯಿಂದ ನಾನು ತಂಬಿಗೆ ಹಿಡಿದು ನಿಂತಿದ್ದೆ. ಅಜ್ಜಿ, “ಮೊದಲು ಕರು ಕುಡಿಯಲಿ, ಮಿಕ್ಕದ್ದು ನಮಗೆ” ಎಂದು ತಡೆದಳು. ರೋಗವನ್ನು ತಡೆಯುವ ಶಕ್ತಿ ಕರುವಿಗೆ ತಾಯಿಯ ಗರ್ಭದಲ್ಲಿ ದೊರೆಯುವುದಿಲ್ಲ, ಹುಟ್ಟಿದ ಕೆಲವೇ ಗಂಟೆಗಳೊಳಗೆ ಕುಡಿಯುವ ಗಿಣ್ಣುಹಾಲಿನಿಂದಲೇ ದೊರೆಯಬೇಕು ಎಂದು ಪಶುವೈದ್ಯರು ಹೇಳುತ್ತಾರೆ. ಅಜ್ಜಿ ಅದನ್ನು ಯಾವ ಪುಸ್ತಕದಲ್ಲಿಯೂ ಓದಿದವಳಲ್ಲ.

ಆ ಕರು ನನ್ನ ಪಾಲಿಗೆ ಬಂದಿತು. ಬಸವ ಎಂದು ಹೆಸರಿಟ್ಟೆ. ಅವ್ವ ಇಲ್ಲದ್ದರಿಂದ ಹಾಲು ಕರೆಯುವ ಕೆಲಸವೂ ನನ್ನದಾಯಿತು. ಗೌರಿ ಹಳ್ಳೀಕಾರ್ ತಳಿಯ ಹಸು. ಗಾಡಿಗೆ, ನೇಗಿಲಿಗೆ ಹೆಸರಾದ ತಳಿ ಅದು; ಹಾಲಿಗೆ ಅಲ್ಲ. ಕರು ಬಂದು ಕೆಚ್ಚಲಿಗೆ ಬಾಯಿ ಹಾಕುವವರೆಗೆ ಅದು ಹಾಲನ್ನು ಇಳಿಸುತ್ತಲೇ ಇರಲಿಲ್ಲ. ಕರುವನ್ನು ಬಿಟ್ಟು, ಅದು ನಾಲ್ಕು ಗುಟುಕು ಚೀಪಿದ ಮೇಲೆ ಎಳೆದು ಕಟ್ಟಿ, ಎರಡು ಮೊಲೆಗಳನ್ನು ಕರೆದುಕೊಂಡು, ಉಳಿದೆರಡನ್ನು ಕರುವಿಗೇ ಬಿಡಬೇಕು. ಇದು ಅವ್ವನ ಕಟ್ಟಳೆ. ಹಿಂಡಿಗೆ ಹಣವಿಲ್ಲದ ವರ್ಷದಲ್ಲಿಯೂ ಅವಳು ಇದನ್ನು ಮುರಿದವಳಲ್ಲ.

ಆ ಕಾಲಕ್ಕೆ ನಮ್ಮೂರಿಗೆ ಹಾಲಿನ ಸೊಸೈಟಿ ಬಂದಿತ್ತು. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ರಾಜ್ಯದಲ್ಲಿ ಹೈನು ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ದಕ್ಷಿಣದ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲಿಯೂ ಇಂತಹ ಸಂಘಗಳು ತಲೆಯೆತ್ತಿದ್ದವು. ಹಾಲಿಗೆ ವಾರವಾರ ರೊಕ್ಕ ಬರುವುದು ನಮ್ಮಂಥವರ ಮನೆಗೆ ಹೊಸ ಅನುಭವ. ಹಾಲನ್ನು ಸೊಸೈಟಿಗೆ ಹಾಕಿಬರುವವನೂ ನಾನೇ. ಆದರೆ ಆ ಹಣ ಅಪ್ಪನ ಲೆಕ್ಕಕ್ಕೆ ಸೇರುತ್ತಿತ್ತು. ನನಗೋ ಒಂದು ಮಸಿ ಪೆನ್ನಿನ ಆಸೆ. ಒಂದು ಬೆಳಗ್ಗೆ ಮೂರನೆಯ ಮೊಲೆಗೂ ಕೈಹಾಕಿದೆ. ಹೆಚ್ಚಾದ ಒಂದು ಪಾವು ಹಾಲನ್ನು ಶಾಲೆಯ ಪಕ್ಕದ ಹೋಟೆಲಿನವನಿಗೆ ಕೊಟ್ಟೆ. ಅವನು ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೆರೆ ಎಳೆದನು. ಕರು ಹಗ್ಗ ಜಗ್ಗಿ ಕೂಗಿತು. ಅಪ್ಪ ಹೊಲದಲ್ಲಿದ್ದರು, ಅಜ್ಜಿಗೆ ಕಣ್ಣು ಮಂಜು. ಪೆನ್ನು ಬಂದಿತು. ಬಂದ ಮೇಲಾದರೂ ಕೈ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಕಡಲೆಮಿಠಾಯಿಯ ರುಚಿ ಹತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಅವ್ವ ಕೂಸಿನೊಡನೆ ಹಿಂದಿರುಗಿದಳು. ಕೂಸನ್ನು ಅಜ್ಜಿಯ ಮಡಿಲಿಗಿಟ್ಟು ನೇರವಾಗಿ ಕೊಟ್ಟಿಗೆಗೆ ಹೋದಳು. ಬಸವನ ಕೂದಲು ಹೊಳಪಿಲ್ಲದೆ ನೆಟ್ಟಗೆ ನಿಂತಿತ್ತು; ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಅದು ಗೋಡೆಯ ಮಣ್ಣನ್ನು ನೆಕ್ಕುತ್ತಿತ್ತು. ಅವ್ವ ಅದರ ಬೆನ್ನಿನ ಮೇಲೆ ಕೈಯಾಡಿಸಿದಳು.

“ಎಷ್ಟು ಮೊಲೆ ಬಿಡ್ತಿದ್ದೀಯಾ, ಮಗ?”

“ಎರಡು” ಎಂದೆ.

ಅವಳು ನನ್ನ ಮುಖವನ್ನು ನೋಡಲಿಲ್ಲ. ಜೇಬಿನಲ್ಲಿದ್ದ ಪೆನ್ನನ್ನು ನೋಡಿದಳು. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ರಾತ್ರಿಯವರೆಗೆ ತಡೆಯಲಾರದೆ ನಾನೇ ಎಲ್ಲವನ್ನೂ ಹೇಳಿಬಿಟ್ಟೆ. “ಎಷ್ಟು ದಿನ?” ಎಂದಳು. ತಿಳಿಯದು ಎಂದೆ. ಮರುದಿನ ಹೋಟೆಲಿಗೆ ಹೋಗಿ ಗೋಡೆಯ ಗೆರೆಗಳನ್ನು ಎಣಿಸಿಕೊಂಡು ಬರಲು ಕಳುಹಿಸಿದಳು. ನಲವತ್ತೊಂದು ಗೆರೆಗಳಿದ್ದವು.

ರಾತ್ರಿ ಊಟಕ್ಕೆ ಮಕ್ಕಳಿಗೆ ಒಂದೊಂದು ಲೋಟ ಹಾಲು ಕೊಡುವುದು ನಮ್ಮ ಮನೆಯ ವಾಡಿಕೆ. ಅಂದು ಅವ್ವ ನನ್ನ ಲೋಟವನ್ನು ತಪ್ಪಿಸಲಿಲ್ಲ. ತುಂಬಿ ನನ್ನ ಕೈಗೇ ಕೊಟ್ಟು, “ನಿನ್ನ ಪಾಲು ನೀನು ಆಗಲೇ ಕುಡಿದಿದ್ದೀಯಪ್ಪ. ಇದು ಅದರದು” ಎಂದು ಕೊಟ್ಟಿಗೆಯ ಕಡೆ ತೋರಿಸಿದಳು. ಹಾಲನ್ನು ಬೋಗುಣಿಗೆ ಸುರಿದು, ಬೆರಳನ್ನು ಅದರಲ್ಲಿ ಅದ್ದಿ ಬಸವನ ಬಾಯಿಗಿಟ್ಟೆ. ಒರಟು ನಾಲಗೆಯಿಂದ ಬೆರಳನ್ನು ಸುತ್ತಿ ಅದು ಚೀಪಿತು. ಚೀಪುತ್ತ ಚೀಪುತ್ತ ಮೂತಿಯನ್ನು ಹಾಲಿಗೆ ಇಳಿಸಿತು. ಒಳಗೆ ತಮ್ಮ ಅವ್ವನ ಎದೆಯಲ್ಲಿ ಹಾಲು ಕುಡಿಯುವ ಸದ್ದು ಕೇಳುತ್ತಿತ್ತು. ನಲವತ್ತೊಂದು ರಾತ್ರಿ ಹೀಗೆ ನಡೆಯಿತು. ಕೊನೆಯ ದಿನಗಳಲ್ಲಿ ನನ್ನ ಹೆಜ್ಜೆಯ ಸಪ್ಪಳಕ್ಕೇ ಬಸವ ಎದ್ದು ನಿಲ್ಲುತ್ತಿತ್ತು. ಲೆಕ್ಕ ಮುಗಿದ ಮರುರಾತ್ರಿ ನನ್ನ ಲೋಟ ನನಗೇ ಬಂದಿತು. ಅರ್ಧ ಕುಡಿದು ಎದ್ದುಹೋದೆ. ಅವ್ವ ಏನೂ ಕೇಳಲಿಲ್ಲ.

ಬಸವ ಚೇತರಿಸಿಕೊಂಡಿತು. ಅಪ್ಪ ನೆರೆಯೂರಿನಿಂದ ಅದೇ ವಯಸ್ಸಿನ ಇನ್ನೊಂದು ಹೋರಿಯನ್ನು ತಂದು ಜೊತೆಮಾಡಿದರು. ಎರಡು ಹಲ್ಲಾದ ವರ್ಷ, ಬಾವಿಯ ಸಾಲ ತೀರಿಸಲೆಂದು ಜೊತೆಯನ್ನು ಬೂಕನಬೆಟ್ಟದ ಜಾತ್ರೆಗೆ ಹೊಡೆದುಕೊಂಡು ಹೋದೆವು. ಕೊಳ್ಳಲು ಬಂದ ರೈತರೊಬ್ಬರು ಬಾಯಿ ಬಿಡಿಸಿ ಹಲ್ಲು ನೋಡಿದರು, ಗೊರಸು ನೋಡಿದರು, ದೂರ ನಿಂತು ಎರಡೂ ಹೋರಿಗಳ ಎತ್ತರವನ್ನು ಕಣ್ಣಿನಲ್ಲಿಯೇ ಅಳೆದರು.

“ಎಡಗಡೆಯದು ಎರಡು ಬೆರಳು ಗಿಡ್ಡ. ಎಳವೆಯಲ್ಲಿ ಹಾಲು ಸಾಲದೆ ಹೋಯ್ತೇನೋ?”

ಬಸವನ ಹಗ್ಗ ನನ್ನ ಕೈಯಲ್ಲಿತ್ತು. ಅಪ್ಪನಿಗೆ ಅವ್ವ ಹೇಳಿದ್ದಳೋ ಇಲ್ಲವೋ ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

“ಹೌದು ಕಣಣ್ಣ. ಆ ವರ್ಷ ಮನೆಯವಳು ತವರಿನಲ್ಲಿದ್ದಳು. ನಾನೇ ನೋಡಿಕೊಳ್ಳಬೇಕಾಗಿತ್ತು” ಎಂದರು ಅಪ್ಪ. ಅನಂತರ ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡಲು ಕೈ ಮುಂದೆ ಚಾಚಿದರು.