ಮಹಾನದಿಯ ಎರಡು ದಡಗಳು

ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ, ಮಿಸಿಸಿಪಿ ಮಹಾನದಿಯ ಎಡದಂಡೆಯ ಮೇಲೆ, ಆಲ್ಟನ್ ಎಂಬ ಪಟ್ಟಣವೊಂದುಂಟು. ಸೇಂಟ್ ಲೂಯಿ ಮಹಾನಗರದಿಂದ ಉತ್ತರಕ್ಕೆ ಸುಮಾರು 20 ಮೈಲಿಗಳ ದಾರಿ. ಸುಣ್ಣಕಲ್ಲಿನ ಕಡಿದಾದ ದಿಬ್ಬಗಳು, ಅವುಗಳ ಇಳಿಜಾರಿನಲ್ಲಿ ಹಳೆಯ ಇಟ್ಟಿಗೆಯ ಮನೆಗಳು, ಕೆಳಗೆ ಗಂಭೀರವಾಗಿ ಹರಿಯುವ ಕಂದುಬಣ್ಣದ ನೀರು. ಇನ್ನೂ ಸ್ವಲ್ಪ ಕೆಳಗೆ ಮಿಸೌರಿ ನದಿಯು ಬಂದು ಮಿಸಿಸಿಪಿಯನ್ನು ಕೂಡಿಕೊಳ್ಳುತ್ತದೆ. ನದಿಗಳ ಸಂಗಮವೆಂದರೆ ನಮಗೆ ಪುಣ್ಯಕ್ಷೇತ್ರದ ನೆನಪಾಗುವುದು ಸಹಜ. ಆದರೆ ಆಲ್ಟನ್ನಿನ ದಿಬ್ಬದ ಮೇಲೆ ನಿಂತು ಆಚೆಯ ದಡವನ್ನು ನೋಡುವ ಪ್ರವಾಸಿಗೆ ಕೂಡುವಿಕೆಗಿಂತ ಒಡೆಯುವಿಕೆಯೇ ಹೆಚ್ಚು ನೆನಪಾಗುತ್ತದೆ. ಒಂದು ರಾಷ್ಟ್ರವನ್ನು ಇಬ್ಭಾಗ ಮಾಡಿದ ಪ್ರಶ್ನೆಯ ಸೀಮಾರೇಖೆ ಒಂದು ಕಾಲಕ್ಕೆ ಈ ನೀರಿನ ನಡುವೆಯೇ ಹಾದುಹೋಗಿತ್ತು.

1787ರ ಶಾಸನವೊಂದು ಒಹಾಯೋ ನದಿಯ ಉತ್ತರದ ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತ್ತು. ಇಲಿನಾಯ್ ಆ ಪ್ರಾಂತಗಳಿಗೆ ಸೇರಿದುದು. ಎದುರು ದಡದ ಮಿಸೌರಿಯಾದರೋ, 1820ರ ರಾಜಿಯ ಫಲವಾಗಿ ಮರುವರ್ಷ ಗುಲಾಮೀ ಸಂಸ್ಥಾನವಾಗಿಯೇ ಒಕ್ಕೂಟವನ್ನು ಸೇರಿತು. ಈ ದಡದಲ್ಲಿ ಮನುಷ್ಯ, ಆ ದಡದಲ್ಲಿ ಸೊತ್ತು! ಹಾಗೆಂದು ನದಿ ದಾಟಿದೊಡನೆ ಬವಣೆ ತೀರಿತೆಂದು ವಾಚಕರು ಭಾವಿಸಲಾಗದು. ಓಡಿಬಂದವರನ್ನು ಹಿಡಿದೊಪ್ಪಿಸಬೇಕೆಂದು 1850ರ ಕಾಯಿದೆ ಸ್ವತಂತ್ರ ಸಂಸ್ಥಾನಗಳ ಪ್ರಜೆಗಳನ್ನೂ ಕಟ್ಟಿಹಾಕಿತು. ವಿಚಾರಣೆ ನಡೆಸುವ ಅಧಿಕಾರಿಯು ಸಿಕ್ಕಿಬಿದ್ದವನನ್ನು ಯಜಮಾನನಿಗೆ ಒಪ್ಪಿಸಿದರೆ ಅವನಿಗೆ 10 ಡಾಲರು, ಬಿಡುಗಡೆ ಮಾಡಿದರೆ 5 ಡಾಲರು. ನ್ಯಾಯದ ತಕ್ಕಡಿಯಲ್ಲಿ ಯಾವ ತಟ್ಟೆಗೆ ತೂಕ ಹೆಚ್ಚೆಂಬುದನ್ನು ಬೇರೆ ಹೇಳಬೇಕೆ? ಇಲಿನಾಯ್ ಸಂಸ್ಥಾನವಂತೂ 1853ರಲ್ಲಿ, ಹೊರಗಿನಿಂದ ಬಂದ ಕಪ್ಪುಜನ 10 ದಿನಗಳಿಗಿಂತ ಹೆಚ್ಚು ನಿಂತರೆ ಅದೇ ಅಪರಾಧವೆಂದು ಕಾನೂನು ಮಾಡಿತು.

ಆಲ್ಟನ್ನಿನ ಸ್ಮಶಾನಭೂಮಿಯಲ್ಲಿ ಸುಮಾರು 110 ಅಡಿ ಎತ್ತರದ ಸ್ಮಾರಕಸ್ತಂಭವೊಂದು ಆಕಾಶಕ್ಕೆ ಚಾಚಿ ನಿಂತಿದೆ. ತುದಿಯಲ್ಲಿ ರೆಕ್ಕೆಗಳುಳ್ಳ ಜಯದೇವತೆ. 1897ರಲ್ಲಿ ಎದ್ದ ಈ ಸ್ತಂಭ ಯಾವ ಸೇನಾಪತಿಯದೂ ಅಲ್ಲ. ಒಬ್ಬ ಪತ್ರಿಕಾ ಸಂಪಾದಕನದು. ಎಲೈಜಾ ಲವ್‌ಜಾಯ್ ಎಂಬ ಈ ಪಾದ್ರಿ ಮೊದಲು ಸೇಂಟ್ ಲೂಯಿಯಲ್ಲಿ ಪತ್ರಿಕೆ ನಡೆಸುತ್ತಿದ್ದ. 1836ರಲ್ಲಿ ಅಲ್ಲಿನ ಜನಜಂಗುಳಿ ಫ್ರಾನ್ಸಿಸ್ ಮೆಕಿಂಟಾಶ್ ಎಂಬ ಕಪ್ಪುವರ್ಣದ ನಾವಿಕನನ್ನು ಸೆರೆಮನೆಯಿಂದ ಎಳೆತಂದು ಜೀವಂತವಾಗಿ ಸುಟ್ಟಿತು. ಲವ್‌ಜಾಯ್ ಅದನ್ನು ಖಂಡಿಸಿ ಬರೆದ. ಅವನ ಅಚ್ಚುಕೂಟದ ಮೇಲೆ ದಾಳಿಯಾಯಿತು. ಸ್ವತಂತ್ರ ನೆಲದಲ್ಲಿ ಸ್ವತಂತ್ರವಾಗಿ ಬರೆಯಬಹುದೆಂದು ನಂಬಿ ಆತ ನದಿ ದಾಟಿ ಆಲ್ಟನ್ನಿಗೆ ಬಂದ. ಆದರೆ ಇಲ್ಲಿಯೂ ಒಂದಾದಮೇಲೊಂದರಂತೆ ಅವನ ಮೂರು ಮುದ್ರಣಯಂತ್ರಗಳನ್ನು ಜನರು ಹಾಳುಗೆಡವಿದರು. ನಾಲ್ಕನೆಯದನ್ನು ನದೀತೀರದ ಉಗ್ರಾಣವೊಂದರಲ್ಲಿ ಬಚ್ಚಿಟ್ಟು ಮಿತ್ರರೊಡನೆ ಕಾವಲು ಕುಳಿತಿದ್ದ. 1837ರ ನವೆಂಬರ್ 7ರ ರಾತ್ರಿ ಉದ್ರಿಕ್ತರು ಉಗ್ರಾಣದ ಛಾವಣಿಗೆ ಬೆಂಕಿಯಿಡಲು ಏಣಿ ಹಾಕಿದರು. ತಡೆಯಲೆಂದು ಹೊರಬಂದ ಲವ್‌ಜಾಯ್ ಗುಂಡೇಟಿಗೆ ಬಲಿಯಾದ. ಯಂತ್ರವನ್ನು ಒಡೆದು ಚೂರುಗಳನ್ನು ನದಿಗೆ ಎಸೆದರು. ಅವನಿಗೆ 35 ತುಂಬಲು ಇನ್ನೆರಡೇ ದಿನಗಳಿದ್ದವು. ಹುಟ್ಟಿದ ಹಬ್ಬದಂದೇ ಮಣ್ಣುಮಾಡಿದರು. ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಬಾಯಿ ಮುಚ್ಚಿಸಿದರೆ ಪ್ರಶ್ನೆ ಮುಗಿಯಿತೆಂದು ಆ ರಾತ್ರಿಯ ಜನ ಎಣಿಸಿದ್ದರೇನೋ. ಆದರೆ ಸುದ್ದಿ ದೇಶದ ಉದ್ದಗಲಕ್ಕೂ ಹಬ್ಬಿತು. ದಾಸ್ಯದ ವಿಷಯದಲ್ಲಿ ಉದಾಸೀನರಾಗಿದ್ದ ಉತ್ತರದ ಅನೇಕರಿಗೆ, ಈ ಪದ್ಧತಿ ಕಪ್ಪುಜನರ ಮೈಯನ್ನಷ್ಟೇ ಅಲ್ಲ, ತಮ್ಮ ನಾಲಗೆಯನ್ನೂ ಕಟ್ಟಬಲ್ಲುದೆಂಬುದು ಅಂದು ಹೊಳೆಯಿತು.

ನದಿಯ ಕಡೆಗೆ ಇಳಿದರೆ ಒಂದು ಚಿಕ್ಕ ಚೌಕ ಸಿಗುತ್ತದೆ. ಅಲ್ಲಿ ಇಬ್ಬರ ಕಂಚಿನ ಪ್ರತಿಮೆಗಳು. ಒಬ್ಬ 6 ಅಡಿ 4 ಅಂಗುಲದ ಕೃಶಕಾಯ. ಇನ್ನೊಬ್ಬ ಅವನಿಗಿಂತ ಒಂದು ಅಡಿ ಗಿಡ್ಡ, ಗಟ್ಟಿಮುಟ್ಟಾದ ಆಳು. ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್! 1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಸ್ಪರ್ಧಿಸಿದ ಇವರು ಏಳು ಊರುಗಳಲ್ಲಿ ಮುಖಾಮುಖಿ ವಾದಿಸಿದರು. ಏಳನೆಯ, ಕೊನೆಯ ವಾದ ಅಕ್ಟೋಬರ್ 15ರಂದು ಇಲ್ಲಿಯೇ, ಆಗಿನ ಪುರಭವನದ ಮುಂದೆ ನಡೆಯಿತು. ಮೊದಲು ಡಗ್ಲಾಸನಿಗೆ ಒಂದು ಗಂಟೆ, ಲಿಂಕನ್ನನಿಗೆ ಒಂದೂವರೆ ಗಂಟೆ, ಮತ್ತೆ ಡಗ್ಲಾಸನಿಗೆ ಅರ್ಧ ಗಂಟೆ. ಸಾವಿರಾರು ಜನ ನಿಂತೇ ಆಲಿಸಿದರು.

ಡಗ್ಲಾಸನ ವಾದ ಮೇಲುನೋಟಕ್ಕೆ ಪ್ರಜಾತಂತ್ರದ ವಾದವೇ. ಆಯಾ ಪ್ರಾಂತದ ಜನ ತಮಗೆ ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಮತದಿಂದ ತೀರ್ಮಾನಿಸಿಕೊಳ್ಳಲಿ. ಇತರರಿಗೆ ಅದರ ಗೊಡವೆಯೇಕೆ? 1854ರಲ್ಲಿ ಕಾನ್ಸಸ್ ಮತ್ತು ನೆಬ್ರಾಸ್ಕ ಪ್ರಾಂತಗಳಿಗಾಗಿ ಅವನೇ ಮುಂದೆ ನಿಂತು ತಂದ ಕಾಯಿದೆಯ ತಿರುಳೂ ಇದೇ. ಲಿಂಕನ್ನನ ಉತ್ತರ ನೇರವಾಗಿತ್ತು: ದಾಸ್ಯವು ತಪ್ಪು ಎಂದು ಒಪ್ಪುವವರಿಗೂ ಒಪ್ಪದವರಿಗೂ ನಡುವಣ ಜಗಳವಿದು, ಒಬ್ಬ ದುಡಿದು ಗಳಿಸಿದ ಅನ್ನವನ್ನು ಇನ್ನೊಬ್ಬ ಉಣ್ಣುವ ನೀತಿ ಯಾವ ವೇಷದಲ್ಲಿ ಬಂದರೂ ದಬ್ಬಾಳಿಕೆಯೇ. ತಪ್ಪು ಮಾಡುವ ಹಕ್ಕನ್ನು ಮತ ಎಣಿಸಿ ಪಡೆಯಲಾಗದು ಎಂಬುದು ಅವನ ನಿಲುವಿನ ಸಾರ.

ಆದರೂ ಅವನ ಮಿತಿಯನ್ನು ಮರೆಮಾಚುವುದು ಸಲ್ಲದು. ಅದೇ ವರ್ಷ ಚಾರ್ಲ್ಸ್‌ಟನ್ ಎಂಬ ಊರಿನ ವಾದದಲ್ಲಿ, ಬಿಳಿಯರಿಗೂ ಕಪ್ಪುಜನರಿಗೂ ಸಾಮಾಜಿಕ, ರಾಜಕೀಯ ಸಮಾನತೆಯನ್ನು ತಾನು ಬಯಸುವುದಿಲ್ಲವೆಂದು ಲಿಂಕನ್ ಸ್ಪಷ್ಟವಾಗಿ ಹೇಳಿದ್ದ. ಇನ್ನೂ ಮನಸ್ಸನ್ನು ಕಲಕುವುದು ವೇದಿಕೆಯ ಮೇಲೆ ಇಲ್ಲದವನ ನೆನಪು. ತನ್ನನ್ನೂ ತನ್ನ ಹೆಂಡತಿ ಮಕ್ಕಳನ್ನೂ ಬಿಡಿಸಿಕೊಳ್ಳಲು ಹತ್ತು ವರ್ಷಗಳಿಗೂ ಮಿಕ್ಕಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಡ್ರೆಡ್ ಸ್ಕಾಟ್, 1857ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಕಪ್ಪುಜನರು ಈ ದೇಶದ ಪ್ರಜೆಗಳಾಗಲಾರರೆಂದೇ ಆ ತೀರ್ಪು ಸಾರಿತು. ಮೂರು ತಿಂಗಳೊಳಗೇ ಹೊಸ ಯಜಮಾನನು ಅವನನ್ನು ಬಿಡುಗಡೆ ಮಾಡಿದನಾದರೂ ಆ ಸುಖ ಬಹುಕಾಲ ಉಳಿಯಲಿಲ್ಲ. ಆಲ್ಟನ್ನಿನ ವಾಗ್ವಾದಕ್ಕೆ ಒಂದು ತಿಂಗಳಿಗೂ ಕಡಿಮೆ ಮುಂಚೆ, ಸೆಪ್ಟೆಂಬರ್ 17ರಂದು, ಇದೇ ನದಿಯ ಕೆಳಗಿನ ಸೇಂಟ್ ಲೂಯಿಯಲ್ಲಿ ಆತ ಕಣ್ಣುಮುಚ್ಚಿದ್ದ. ಅವನ ತೀರ್ಪಿನ ಸುತ್ತ ಇಬ್ಬರು ಮೇಧಾವಿಗಳು ವಾದಿಸುತ್ತಿದ್ದಾಗ ಅವನಂಥವರ ಪರವಾಗಿ ಅವರದೇ ಆದ ಒಂದು ದನಿಯೂ ವೇದಿಕೆಯ ಮೇಲಿರಲಿಲ್ಲ.

ಸೆನೆಟ್ ಸ್ಥಾನ ಡಗ್ಲಾಸನಿಗೇ ದೊರೆಯಿತು. ಎರಡು ವರ್ಷಗಳ ಅನಂತರ ಲಿಂಕನ್ ರಾಷ್ಟ್ರಾಧ್ಯಕ್ಷನಾಗಿ ಚುನಾಯಿತನಾದ. ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನ ಒಕ್ಕೂಟವನ್ನು ತೊರೆಯಿತು. ಹತ್ತು ಸಂಸ್ಥಾನಗಳು ಅದನ್ನು ಹಿಂಬಾಲಿಸಿದವು. ಆಗ ಆ ದೇಶದಲ್ಲಿದ್ದ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಮಾತು ಸೋತಲ್ಲಿ ಫಿರಂಗಿ ಮಾತನಾಡಿತು. ನಾಲ್ಕು ವರ್ಷಗಳಲ್ಲಿ 6 ಲಕ್ಷಕ್ಕೂ ಮಿಕ್ಕ ಯೋಧರು ಮಡಿದರು.

ಆಲ್ಟನ್ನಿನಲ್ಲಿ ನೋಡಬೇಕಾದ ಇನ್ನೊಂದು ತಾಣ ಲೈಮನ್ ಟ್ರಂಬುಲ್ಲನ ಮನೆ. ಆಡಂಬರವಿಲ್ಲದ ಇಟ್ಟಿಗೆಯ ಕಟ್ಟಡ. ಗುಲಾಮಗಿರಿಯನ್ನು ರಾಜ್ಯಾಂಗದಿಂದಲೇ ರದ್ದುಗೊಳಿಸಿದ 1865ರ 13ನೆಯ ತಿದ್ದುಪಡಿಯನ್ನು ಸೆನೆಟ್ಟಿನಲ್ಲಿ ಮುಂದೆ ತಂದ ನ್ಯಾಯಸಮಿತಿಯ ಅಧ್ಯಕ್ಷ ಈತನೇ. ಸಂಪಾದಕನನ್ನು ಕೊಂದ ಊರೂ ಇದೇ, ಬಿಡುಗಡೆಯ ಶಾಸನವನ್ನು ರೂಪಿಸಿದವನು ಬಾಳಿದ ಊರೂ ಇದೇ. 1915ರಲ್ಲಿ ಲವ್‌ಜಾಯ್‌ನ ಮುದ್ರಣಯಂತ್ರದ ತುಂಡೊಂದು ಮಿಸಿಸಿಪಿಯ ಕೆಸರಿನಿಂದ ಮೇಲೆ ಬಂದಿತು. ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ನೀರಿನಡಿಯಲ್ಲಿದ್ದ ಆ ಕಬ್ಬಿಣಕ್ಕೆ ತುಕ್ಕು ಹಿಡಿದಿರಬಹುದು. ಅದು ಅಚ್ಚುಮಾಡಲು ಹೊರಟಿದ್ದ ಮಾತಿಗೆ ಮಾತ್ರ ತುಕ್ಕು ಹಿಡಿಯಲಿಲ್ಲ.